ಎರವಲು ಕೊಟ್ಟ ದನಿ

ಕೊರೊನಾ ಹೋಗಿ ಹದಿನಾಲ್ಕು ವರ್ಷಕ್ಕೆ ಮತ್ತೊಂದು ಜ್ವರ ಬಂತು. ವಿಜ್ಞಾನಿಗಳು ಅದಕ್ಕೆ ಅಕ್ಷರ, ಅಂಕಿ ಸೇರಿಸಿ ಉದ್ದನೆಯ ಹೆಸರಿಟ್ಟರು. ಹುಬ್ಬಳ್ಳಿ ಕಡೆಯವರು ದಮ್ಮಿನ ಜ್ವರ ಅಂದರು. ಮೂರು ದಿನ ಸಾದಾ ಕೆಮ್ಮು, ನಾಲ್ಕನೆಯ ದಿನ ಏದುಸಿರು. ಆ ನಾಲ್ಕನೆಯ ದಿನ ಸುತ್ತಲಿನ ಜಿಲ್ಲೆಗಳ ಜನರೆಲ್ಲ ಫೋನ್ ಹಚ್ಚುತ್ತಿದ್ದದ್ದು ಹುಬ್ಬಳ್ಳಿಯ ತುರ್ತು ಕರೆ ಕೇಂದ್ರಕ್ಕೆ.

ಅಲ್ಲಿ ಫೋನ್ ಎತ್ತುವವರಲ್ಲಿ ನೀಲಾಂಬಿಕಾ ಕೊಪ್ಪದ ಒಬ್ಬಳು. ನಲವತ್ಮೂರರ ಹೆಂಗಸು. ನರ್ಸಿಂಗ್ ಕಲಿತು ಹನ್ನೊಂದು ವರ್ಷ ಆಂಬುಲೆನ್ಸಿನಲ್ಲಿ ತಿರುಗಿ, ಸ್ಟ್ರೆಚರ್ ಎತ್ತಿ ಎತ್ತಿ ಸೊಂಟ ಹಿಡಿದ ಮೇಲೆ ಈ ಕುರ್ಚಿಗೆ ಬಂದಿದ್ದಳು. ಗಂಡ ಫಕ್ಕೀರಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತೆ ಬಸಲಿಂಗವ್ವನಿಗೆ ಕಣ್ಣು ಮಸುಕಾಗಿತ್ತು, ಕಿವಿ ಮಾತ್ರ ಚುರುಕು. ದಿನಾ ಸಂಜೆ ಸೊಸೆ ಪೇಪರ್ ಓದಿ ಹೇಳಬೇಕು; ಮದುವೆ, ಮರಣ, ಪೇಟೆ ಧಾರಣೆ ಒಂದನ್ನೂ ಬಿಡುವಂತಿರಲಿಲ್ಲ.

ಜ್ವರ ಎರಡನೆಯ ತಿಂಗಳಿಗೆ ಕಾಲಿಡುವಷ್ಟರಲ್ಲಿ ಕೇಂದ್ರದ ಹದಿನಾಲ್ಕು ಕುರ್ಚಿಗಳಲ್ಲಿ ಎಂಟು ಖಾಲಿಯಾದವು. ಇಬ್ಬರು ಜ್ವರಕ್ಕೆ ಹೋದರು. ಉಳಿದವರಿಗೆ ಕಾಯಿಲೆ ಏನೂ ಇರಲಿಲ್ಲ. ಒಬ್ಬಾಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದವಳು ಮರಳಿ ಬರಲಿಲ್ಲ. ಮತ್ತೊಬ್ಬ ಮನೆಯಲ್ಲಿ ಕುಕ್ಕರ್ ಕೂಗಿದರೂ ಎದ್ದು ನಿಲ್ಲುತ್ತಿದ್ದನಂತೆ. ಆಗ ಮೇಲಿನಿಂದ ಒಂದು ನಿಯಮ ಬಂತು. ಒಂದು ಕರೆಗೆ ತೊಂಬತ್ತು ಸೆಕೆಂಡು. ಎಪ್ಪತ್ತೈದಕ್ಕೆ ಹಳದಿ ದೀಪ ಹತ್ತುತ್ತದೆ. ತೊಂಬತ್ತಕ್ಕೆ ಕೆಂಪು ಗುಂಡಿ ಒತ್ತಬೇಕು, ಎದುರಿನವರು ಏನೇ ಹೇಳುತ್ತಿರಲಿ. ನಿಯಮದಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಒಬ್ಬರ ಮಾತು ಉದ್ದವಾದರೆ ಸಾಲಿನಲ್ಲಿ ಕಾಯುತ್ತಿರುವ ಇನ್ನೊಬ್ಬರ ಉಸಿರು ನಿಲ್ಲುತ್ತದೆ.

ಆ ನಿಯಮ ನಡೆದದ್ದು ಹತ್ತೊಂಬತ್ತು ದಿನ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನೀಲಾಂಬಿಕಾ ಎತ್ತಿದ ಫೋನಿನಲ್ಲಿ ವಯಸ್ಸಾದ ಗಂಡಸಿನ ದನಿ.

"ನಮಸ್ಕಾರ್ರಿ ಸಿಸ್ಟರ್. ನಾ ಗದಗದಿಂದ ಪಾಂಡುರಂಗ ಪಿಸೆ ಅಂತ. ಟೇಲರ್ ಅದೀನ್ರಿ. ನಮ್ಮ ಮನಿಯಾಕಿಗೆ..."

ಜೀವ ಹೋಗುವ ಹೊತ್ತಿನಲ್ಲೂ ಹೆಸರು, ಕಸಬು ಹೇಳಿ ಮಾತು ಶುರುಮಾಡುವ ಮನುಷ್ಯ. ಇಪ್ಪತ್ತು ಸೆಕೆಂಡು ಅದಕ್ಕೇ ಹೋಯಿತು. "ಅವರ ಉಸಿರು ನಿಮಿಷಕ್ಕ ಎಷ್ಟು ಸಲ ಆಗ್ತೈತಿ, ಎಣಿಸ್ರಿ" ಎಂದಳು. ಆತ ಜೋರಾಗಿ ಎಣಿಸತೊಡಗಿದ. ಹಳದಿ ದೀಪ ಹತ್ತಿತು. ನಲವತ್ತು ಕರೆಗಳು ಕಾಯುತ್ತಿದ್ದವು. ವಿಳಾಸ ಇನ್ನೂ ಬರೆದುಕೊಂಡಿರಲಿಲ್ಲ. ಆತ ಮೂವತ್ತೊಂದು ಅನ್ನುತ್ತಿದ್ದಂತೆ ಅವಳ ಬೆರಳು ಗುಂಡಿ ಒತ್ತಿತು.

ಮರುದಿನ ಬೆಳಿಗ್ಗೆಯಿಂದ ಯಂತ್ರ ಫೋನ್ ಎತ್ತತೊಡಗಿತು.

ಯಂತ್ರವನ್ನು ಕಟ್ಟಿದವನು ತನ್ವೀರ್ ನದಾಫ್, ಮೂವತ್ತೆರಡರ ಎಂಜಿನಿಯರ್. ಕೇಂದ್ರದ ಹಿಂಬದಿಯ ಕೋಣೆಯೇ ಅವನ ಪ್ರಯೋಗಶಾಲೆ. ಮೂರು ವರ್ಷದ ಹಳೆಯ ಕರೆಗಳನ್ನೆಲ್ಲ ಯಂತ್ರಕ್ಕೆ ಕೇಳಿಸಿದಾಗ ಒಂದು ವಿಷಯ ಕಂಡಿತ್ತು. ನೀಲಾಂಬಿಕಾ ಮಾತಾಡಿದರೆ ಕರೆ ಮಾಡಿದವರ ಉಸಿರು ಇಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗುತ್ತಿತ್ತು. ಉಳಿದವರು ಮಾತಾಡಿದರೆ ಒಂದು ನಿಮಿಷ ಬೇಕಾಗುತ್ತಿತ್ತು. ಅವನು ಬಂದು ಅವಳ ದನಿ ಎರವಲು ಕೇಳಿದಾಗ ಅವಳು ಹೆಚ್ಚು ಯೋಚಿಸಿರಲಿಲ್ಲ. "ಉಳಿದವರಿಗೆ ಸ್ವಲ್ಪ ಬಿಡುವು ಸಿಗ್ತೈತೇನ್ರಿ?" ಅಂತ ಕೇಳಿದ್ದಳು. ಸಿಗುತ್ತದೆ ಅಂದಿದ್ದ.

ತೊಂಬತ್ತು ಸೆಕೆಂಡಿನ ಆ ದಿನಗಳಲ್ಲೇ, ಪಾಳಿ ಮುಗಿಸಿ ಹನ್ನೊಂದು ದಿನ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಗಾದಿ ಕಟ್ಟಿದ ಕೋಣೆಯಲ್ಲಿ ಕೂತು ಅವಳು ಒಂಬತ್ತು ಸಾವಿರ ವಾಕ್ಯ ಓದಿದ್ದಳು. ಯಂತ್ರ ಆ ವಾಕ್ಯಗಳನ್ನು ಗಿಳಿಯ ಹಾಗೆ ಒಪ್ಪಿಸಲಿಲ್ಲ. ಅವಳು ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ದನಿ ತಗ್ಗಿಸುತ್ತಾಳೆ, ಯಾರಿಗೆ 'ಅಜ್ಜಾರ' ಅನ್ನುತ್ತಾಳೆ, ಯಾರಿಗೆ 'ತಂಗಿ' ಅನ್ನುತ್ತಾಳೆ ಎಂಬುದನ್ನೆಲ್ಲ ಕಲಿತು ತನ್ನ ಮಾತನ್ನು ತಾನೇ ಕಟ್ಟಿಕೊಂಡಿತು. ಕೆಮ್ಮು ಕೇಳಿ ರೋಗ ಎಷ್ಟು ಬಲಿತಿದೆ ಎಂದು ಅಂದಾಜು ಮಾಡುತ್ತಿತ್ತು. ಒಂದೇ ಹೊತ್ತಿಗೆ ಮುನ್ನೂರು ಮಂದಿಯ ಜೊತೆ ಮಾತಾಡುತ್ತಿತ್ತು.

ನೀಲಾಂಬಿಕಾ ಮತ್ತು ಉಳಿದ ಐವರು ಅದೇ ಹಾಲಿನಲ್ಲಿ ಕೂತು ಕೀಲಿಮಣೆಯಿಂದ ಆಂಬುಲೆನ್ಸ್ ಕಳಿಸಿದರು. ಹಾಲಿನಲ್ಲಿ ಸದ್ದಿಲ್ಲ. ಎದುರಿನ ದೊಡ್ಡ ಪರದೆಯ ಮೇಲೆ ಮಾತ್ರ ಯಂತ್ರ ಆಡುತ್ತಿದ್ದ ಮಾತು ಸಾಲುಸಾಲಾಗಿ ಮೇಲೇರುತ್ತಿತ್ತು. ಹೇಳ್ರಿ, ಕೇಳಾಕತ್ತೀನಿ. ಹಾಸಿಗಿ ಸದ್ಯಕ್ಕ ಎಲ್ಲೂ ಇಲ್ರಿ. ಅವರನ್ನ ಬೋರಲು ಮಲಗಿಸ್ರಿ. ಎಲ್ಲವೂ ಅವಳ ಮಾತೇ. ಅವಳ ಬಾಯಿ ಮುಚ್ಚಿಕೊಂಡೇ ಇತ್ತು.

ಏಳು ತಿಂಗಳಿಗೆ ಜ್ವರ ಇಳಿಯಿತು. ಅಷ್ಟರಲ್ಲಿ ಯಂತ್ರ ಎರಡು ಲಕ್ಷ ಹದಿನಾಲ್ಕು ಸಾವಿರ ಕರೆಗಳಿಗೆ ಉತ್ತರ ಕೊಟ್ಟಿತ್ತು. ಅದು ಯಂತ್ರ ಎಂದು ಸರಕಾರದ ಜಾಲತಾಣದ ಮೂಲೆಯಲ್ಲಿ ಬರೆದಿದ್ದರು. ಉಸಿರು ಸಿಕ್ಕಿಕೊಂಡವರ ಮನೆಯಲ್ಲಿ ಅದನ್ನು ಯಾರು ಓದುತ್ತಾರೆ?

ಜನ ಮಾಸ್ಕ್ ತೆಗೆದು ಪೇಟೆಗೆ ಬರತೊಡಗಿದಾಗ ನೀಲಾಂಬಿಕಾ ಅತ್ತೆಗೆ ಸೀರೆ ತರಲು ಹೋದಳು. "ಇದು ಬಣ್ಣ ಬಿಡ್ತೈತೇನ್ರಿ?" ಎಂದು ಕೇಳಿದಳು, ಅಷ್ಟೇ. ಸೀರೆ ಮಡಚುತ್ತಿದ್ದ ಅಂಗಡಿಯವನ ಕೈ ನಿಂತಿತು.

"ಇನ್ನೊಮ್ಮೆ ಮಾತಾಡ್ರಿ."

"ಯಾಕ್ರಿ?"

ಅವನು ಅವಳ ಮುಖವನ್ನೇ ನೋಡಿದ. "ನಮ್ಮ ಅಣ್ಣಗ ಹಾಸಿಗಿ ಇಲ್ಲ ಅಂದವರು ನೀವ." ಬೈಯಲಿಲ್ಲ. ಸೀರೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಎಂಟು ದಿನಕ್ಕೆ ಸಿಟಿ ಬಸ್ಸಿನಲ್ಲಿ ಇನ್ನೊಂದು. ಅವಳು ಟಿಕೆಟ್ ಕೇಳಿದ ದನಿಗೆ ಮುಂದಿನ ಸೀಟಿನ ಹುಡುಗಿ ತಿರುಗಿ, ಕೈ ಹಿಡಿದು, "ಅಕ್ಕಾರ, ನಮ್ಮಪ್ಪ ಉಳದಾನ್ರಿ, ನಿಮ್ಮಿಂದ" ಎಂದು ಕಣ್ಣೊರೆಸಿಕೊಂಡಳು. ಬೈಗುಳಕ್ಕಿಂತ ಇದೇ ಹೆಚ್ಚು ಚುಚ್ಚಿತು. ಆ ಅಪ್ಪನ ಹೆಸರು ಕೂಡ ಅವಳಿಗೆ ಗೊತ್ತಿರಲಿಲ್ಲ. ಮಾಡದ ಪಾಪವೂ ಅವಳ ತಲೆಗೆ, ಮಾಡದ ಪುಣ್ಯವೂ ಅವಳ ತಲೆಗೆ. ಮಾಡಿದ ಒಂದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಅವಳು ಹೊರಗೆ ಮಾತು ನಿಲ್ಲಿಸಿದಳು. ಅಂಗಡಿಯಲ್ಲಿ ಬೆರಳು ತೋರಿಸಿದಳು, ಚೀಟಿ ಬರೆದುಕೊಟ್ಟಳು. ಬರಬರುತ್ತ ಮನೆಯಲ್ಲೂ ಅದೇ ಆಯಿತು. ರೊಟ್ಟಿ ಬಡಿಯುವಾಗ ತುಟಿಯೊಳಗೇ ಎಣಿಸುತ್ತಿದ್ದಳು. ಮೂವತ್ತೊಂದಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಕೇಂದ್ರದವರು ಕಳಿಸಿದ ಮನೋವೈದ್ಯೆ ಮೂವತ್ತು ಪ್ರಶ್ನೆಯ ಹಾಳೆ ಕೊಟ್ಟರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ. ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿದಳು. ಅದು ನಿಜವೂ ಆಗಿತ್ತು.

ಫಕ್ಕೀರಪ್ಪ ಮೊದಲು ದಣಿವು ಅಂದುಕೊಂಡ, ಆಮೇಲೆ ಸಿಟ್ಟು ಅಂದುಕೊಂಡ. ಡಿಪೋದಿಂದ ಬಂದು ಅಂದಿನ ಬಸ್ಸುಗಳ ರಿಪೇರಿ ಕತೆ ಒಂದೊಂದಾಗಿ ಹೇಳುತ್ತಿದ್ದ, ಎಲ್ಲಾದರೂ ಒಂದು ಕಡೆ ಅವಳು ಹೂಂ ಅಂದಾಳು ಎಂದು.

ಒಂದು ಸಂಜೆ ಅತ್ತೆಯ ಪಕ್ಕ ಪೇಪರ್ ಹಾಗೇ ಮಡಚಿ ಬಿದ್ದಿತ್ತು. ಬಸಲಿಂಗವ್ವ ಕೈಯಾಡಿಸಿ ಸೊಸೆಯ ಮೊಣಕೈ ಹಿಡಿದಳು.

"ನೀಲವ್ವಾ, ನಾಕು ತಿಂಗಳಾತು, ಊರಾಗ ಯಾರು ಸತ್ತಾರ, ಯಾರು ಅದಾರ ನನಗೊಂದೂ ಗೊತ್ತಿಲ್ಲ. ಕಣ್ಣಂತೂ ಹೋದ್ವು. ನೀ ಮಾತಾಡಲಿಲ್ಲ ಅಂದ್ರ ಈ ಮನ್ಯಾಗ ನೀ ಇದ್ದಿದ್ದೂ ನನಗ ತಿಳಿಯಂಗಿಲ್ಲ. ಏನಾಗೇತಿ ಹೇಳು."

"ಒಬ್ಬರ ಫೋನ್ ಇಟ್ಟುಬಿಟ್ಟೆ ಅತ್ತಿ" ಎಂದಳು ನೀಲಾಂಬಿಕಾ. ಬಹಳ ದಿನ ಬಳಸದ ದನಿ ಒಡೆದು ಬಂತು. "ಅವರ ಹೇಂತಿ ಉಳದಳೋ ಇಲ್ಲೋ ಗೊತ್ತಿಲ್ಲ."

"ತಿಳಕೊಂಡು ಬಾ ಮತ್ತ" ಎಂದಳು ಮುದುಕಿ.

ಅದೇ ವಾರ ತನ್ವೀರನಿಂದ ಕರೆ ಬಂದಿತ್ತು. ಬೇರೆ ರಾಜ್ಯವೊಂದರಲ್ಲಿ ಜ್ವರ ಮತ್ತೆ ತಲೆಯೆತ್ತುತ್ತಿದೆ. ಯಂತ್ರವನ್ನು ಇನ್ನೂ ಹನ್ನೆರಡು ಜಿಲ್ಲೆಗೆ ಹಾಕಬೇಕು. ದನಿ ಬಳಸಲು ಅವಳ ಸಹಿ ಬೇಕು.

ಪ್ರಯೋಗಶಾಲೆಗೆ ಹೋದಾಗ ತನ್ವೀರ್ ಸೊರಗಿದ್ದ. ಯಂತ್ರ ತಪ್ಪು ಹೇಳಿರಬಹುದಾದ ಕರೆಗಳನ್ನು ದಿನಕ್ಕೆ ಇನ್ನೂರರಂತೆ ಅವನೊಬ್ಬನೇ ಕೂತು ಕೇಳುತ್ತಿದ್ದ. ಅವಳು ಸಹಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿ, ತಾರೀಖು ಮತ್ತು ಹೆಸರು ಬರೆದ ಚೀಟಿ ಇಟ್ಟಳು.

"ಇದನ್ನ ಹುಡುಕ್ರಿ."

"ಅಕ್ಕಾರ, ಬ್ಯಾಡ್ರಿ. ಒಂದು ಕೇಳಿದ್ರ ಎಲ್ಲಾ ಕೇಳಬೇಕನಸ್ತೈತಿ. ನನ್ನ ನೋಡ್ರಿ."

"ಒಂದ ಸಾಕು."

ಹುಡುಕಿದ. ಅವಳು ಕತ್ತರಿಸಿದ ಕರೆಯ ಕೆಳಗೆ ಅದೇ ನಂಬರಿನಿಂದ ಇನ್ನೊಂದು ಕರೆ ಇತ್ತು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಯಂತ್ರ ಎತ್ತಿದ್ದು. ನಾಲ್ಕು ತಾಸು ಹತ್ತು ನಿಮಿಷ.

"ಇಷ್ಟೊತ್ತು ಹೆಂಗ?" ಎಂದಳು.

"ಫೋನ್ ಇಡೋ ಗುಂಡೀನ ಅದಕ್ಕ ಕೊಟ್ಟಿಲ್ರಿ. ಎದುರಿನವರು ಇಡೂ ತನಕ ಇರ್ತೈತಿ. ಮುನ್ನೂರು ಬಾಯಿ ಅದಾವಲ್ಲ, ಅದಕ್ಕೇನು ಅವಸರ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ತನ್ನದೇ ದನಿ ಪಿಸೆಯವರ ವಿಳಾಸ ಕೇಳಿ ಬರೆದುಕೊಂಡಿತು. ಅವರ ಹೆಂಡತಿಯ ಹೆಸರನ್ನು ಹಾಸಿಗೆಯ ಪಟ್ಟಿಗೆ ಸೇರಿಸಿ, ಮುಂದೆ ಆರುನೂರ ಹನ್ನೆರಡು ಮಂದಿ ಇದ್ದಾರೆ ಎಂದು ಮುಚ್ಚುಮರೆ ಇಲ್ಲದೆ ಹೇಳಿತು. ಬೋರಲು ಮಲಗಿಸುವುದು, ಕಿಟಕಿ ತೆಗೆಯುವುದು, ತುಟಿಗೆ ಒದ್ದೆ ಬಟ್ಟೆ ಹಚ್ಚುವುದು ಹೇಗೆಂದು ಒಂದೊಂದಾಗಿ ಮಾಡಿಸಿತು. ಎರಡನೆಯ ತಾಸಿನಲ್ಲಿ ಮುದುಕ ಅಂದ:

"ಸಿಸ್ಟರ್, ಫೋನ್ ಇಡಬ್ಯಾಡ್ರಿ."

"ಇಡಂಗಿಲ್ರಿ."

"ನಿನ್ನೆ ಇಟ್ಟಿದ್ರಿ."

 ಅವಳ ದನಿಯೇ, ಅವಳು ದನಿ ತಗ್ಗಿಸುವ ರೀತಿಯಲ್ಲೇ ಹೇಳಿತು: "ಹೌದ್ರಿ. ನಿನ್ನೆ ಇಟ್ಟೆ. ನನ್ನ ತಪ್ಪಾತು. ಇವತ್ತು ಇಲ್ಲೇ ಇರ್ತೀನಿ."

ನೀಲಾಂಬಿಕಾ ಹೆಡ್‌ಫೋನ್ ಕಿತ್ತಿಟ್ಟಳು. "ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ" ಎಂದ ತನ್ವೀರ್. "ಹಿಂದಿನ ದಿನದ ಕಾಲ್ ತೊಂಬತ್ತು ಸೆಕೆಂಡಿಗೆ ಕಟ್ ಆದದ್ದು ಅದರ ದಾಖಲೆದಾಗ ಇತ್ತು. ನೀವಾಗಿದ್ರ ಏನ್ ಹೇಳ್ತಿದ್ರಿ ಅಂತ ಲೆಕ್ಕ ಹಾಕೇತಿ."

ಅವಳಿಗೆ ಎಂದೂ ಬಾರದ ಸಿಟ್ಟು ಬಂತು. ತನ್ವೀರನ ಮೇಲಲ್ಲ, ಯಂತ್ರದ ಮೇಲೂ ಅಲ್ಲ, ಅದು ಸರಿಯಾಗಿಯೇ ಊಹಿಸಿತ್ತು. ಆದರೆ ಆ ಮಾತು ಅವಳದು. ಹತ್ತು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದು ಮಾತನ್ನು ಯಾರೋ ಮೊದಲೇ ಆಡಿ ಮುಗಿಸಿಬಿಟ್ಟಿದ್ದರು.

ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕೊನೆಯ ತನಕ ಕೇಳಿದಳು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ರಖಮಾಬಾಯಿ ಪಿಸೆಯ ಉಸಿರು ನಿಂತಿತು. ನೀಲಾಂಬಿಕಾಳ ದನಿ ಆಗಲೂ ಮುದುಕನ ಜೊತೆ ಇತ್ತು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಅವರ ಫೋನಿನ ಬ್ಯಾಟರಿ ಮುಗಿದು ಕರೆ ನಿಂತಿತು.

ಭಾನುವಾರ ಅವಳು ಗದಗಕ್ಕೆ ಹೋದಳು. ಫಕ್ಕೀರಪ್ಪ ಜೊತೆಗೆ ಬರುತ್ತೇನೆ ಎಂದ, ಬೇಡ ಎಂದಳು. ಪಿಸೆಯವರ ಅಂಗಡಿ ಮನೆಯ ಮುಂಬಾಗಿಲಲ್ಲೇ ಇತ್ತು. ತೆಳ್ಳಗಿನ ಮುದುಕ ಹೊಲಿಗೆ ಯಂತ್ರ ತುಳಿಯುತ್ತಿದ್ದ.

"ಪಾಂಡುರಂಗ ಪಿಸೆ ಅಂದ್ರ ನೀವೇನ್ರಿ?"

ಚಕ್ರ ನಿಂತಿತು. ಆತ ಕನ್ನಡಕ ತೆಗೆದು ಎದ್ದ. "ಸಿಸ್ಟರ್" ಎಂದ. ಬೇರೇನೂ ಕೇಳದೆ ಸ್ಟೂಲಿನ ಮೇಲಿದ್ದ ಬಟ್ಟೆಯ ಚೂರುಗಳನ್ನು ಕೊಡವಿ ಕೂರಿಸಿದ. ನಿಮಗೆ ಫೋನ್ ಮಾಡಬೇಕೆಂದು ಎಷ್ಟೋ ಸಲ ಅನಿಸಿತು, ಉಸಿರು ಸಿಕ್ಕಿಕೊಂಡವರ ಸಾಲಿಗೆ ಅಡ್ಡ ಬರಬಾರದೆಂದು ಬಿಟ್ಟೆ ಎಂದ. ನಾಲ್ಕು ತಾಸು ಸ್ವಂತ ಮಗಳಾದರೂ ಕೂರುತ್ತಿದ್ದಳೋ ಇಲ್ಲವೋ ಎಂದ. ಆತನ ಮುಖದಲ್ಲಿ ಒಂದು ಸಮಾಧಾನ ಇತ್ತು. ಅದನ್ನು ಹಾಗೆಯೇ ಬಿಟ್ಟು, ಚಹಾ ಕುಡಿದು, ಕೈ ಮುಗಿದು ಎದ್ದು ಬರಬಹುದಿತ್ತು. ಒಂದು ಗಳಿಗೆ ಅವಳು ಅದನ್ನೇ ಮಾಡಬೇಕೆಂದುಕೊಂಡಳು.

"ಅಜ್ಜಾರ" ಎಂದಳು, "ಎರಡನೇ ದಿನ ನಿಮ್ಮ ಜೋಡಿ ಮಾತಾಡಿದ್ದು ನಾನಲ್ರಿ. ನನ್ನ ದನಿ ತಗೊಂಡು ಮಾಡಿದ ಯಂತ್ರ ಅದು. ಮೊದಲನೇ ದಿನ ನೀವು ಎಣಿಸಾಕತ್ತಾಗ ಫೋನ್ ಇಟ್ಟಾಕಿ, ಅಕಿ ನಾನು."

ಮುದುಕ ಕೈಯಲ್ಲಿದ್ದ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದ. 

"ಅಂದ್ರ ಆವತ್ತು ಈ ಮನ್ಯಾಗ ನಾ ಒಬ್ಬನ ಇದ್ದೆ" ಎಂದ.

ಆಮೇಲೆ ತಿರುಗಿ ಕೂತು ಅರ್ಧಕ್ಕೆ ಬಿಟ್ಟಿದ್ದ ಹೊಲಿಗೆ ಮುಂದುವರಿಸಿದ. ಅಂಗಿಯ ಒಂದು ತೋಳು ಪೂರ್ತಿ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅವಳು ಎದ್ದು ಹೋಗಲಿಲ್ಲ.

"ನೀವು ಇದನ್ನ ಹೇಳಲಿಲ್ಲಂದ್ರ ಏನಾಗ್ತಿತ್ರಿ?" ಎಂದು ಕೇಳಿದ, ದಾರ ಕತ್ತರಿಸುತ್ತ.

"ನಿಮಗೇನೂ ಆಗ್ತಿರಲಿಲ್ಲ. ನನಗ ಬಾಯಿ ಬಿಡಾಕ ಆಗ್ತಿರಲಿಲ್ಲ."

"ಹಂಗಾದ್ರ ನಿಮ್ಮ ಸಲುವಾಗಿ ಬಂದೀರಿ."

"ಹೌದ್ರಿ. ತಪ್ಪಾತು ಅಂತ ನನ್ನ ಬಾಯಿಲೆ ಹೇಳಬೇಕಿತ್ತು."

ಆತ ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಎರಡನೆಯ ತೋಳನ್ನು ಎತ್ತಿಕೊಂಡು ಸೂಜಿಯ ಕೆಳಗೆ ಇಟ್ಟ. ಆಗ ನೀಲಾಂಬಿಕಾ ಕೇಳಿದಳು: "ಫೋನ್ ಬಂದ್ ಆದ ಮ್ಯಾಲ ಏನಾತ್ರಿ ಅಜ್ಜಾರ?"

ಮುದುಕನ ಕಾಲು ತುಳಿಯುವುದನ್ನು ನಿಲ್ಲಿಸಿತು. ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಬಂದವರೆಲ್ಲ ಹೇಗೆ ಹೋದಳು ಎಂದು ಕೇಳಿದ್ದರು.

ನಿಧಾನವಾಗಿ ಹೇಳಿದ. ಸಂಜೆ ಆರರ ತನಕ ಹೆಂಡತಿಯ ಪಕ್ಕದಲ್ಲಿ ಕೂತಿದ್ದನಂತೆ. ಕೂತು ಕೂತು, ಬಾಕಿ ಇದ್ದ ಅವಳ ಸೀರೆಯ ಜಂಪರಿಗೆ ಗುಂಡಿ ಹಚ್ಚಿದನಂತೆ; ಊರವರಿಗೆಲ್ಲ ಹೊಲಿದು ಹೊಲಿದು ಅವಳದು ಯಾವಾಗಲೂ ಕೊನೆಗೆ ಉಳಿಯುತ್ತಿತ್ತು. ಬಿಳಿ ಉಡುಪಿನ ಇಬ್ಬರು ಚೀಲ ತಂದರು. ಇದನ್ನು ಅವಳಿಗೆ ತೊಡಿಸಿ ಎಂದು ಬೇಡಿಕೊಂಡ. ಮುಟ್ಟುವಂತಿಲ್ಲ, ನಿಯಮ ಎಂದರು. ಆದರೆ ಹಿಂದೆ ನಿಂತಿದ್ದ ಆಂಬುಲೆನ್ಸ್ ಡ್ರೈವರ್ ಮುಂದೆ ಬಂದು, ಜಂಪರು ಇಸಿದುಕೊಂಡು, ಮಡಿಕೆ ಕೆಡದಂತೆ ಅವಳ ಎದೆಯ ಮೇಲಿಟ್ಟು ಆಮೇಲೆ ಚೀಲದ ಜಿಪ್ ಎಳೆದ.

"ಅವನ ಮಾರಿ ಕಾಣಲಿಲ್ರಿ. ಜಿಪ್ ಎರಡು ಸಲ ಕೈ ಜಾರಿತು" ಎಂದ ಮುದುಕ. "ಅವನೂ ಹೆದರಿದ್ದ ನೋಡ್ರಿ."

ನೀಲಾಂಬಿಕಾಳಿಗೆ ತಡೆದುಕೊಳ್ಳಲಾಗಲಿಲ್ಲ. ಹನ್ನೊಂದು ವರ್ಷ ಆಂಬುಲೆನ್ಸಿನಲ್ಲಿ, ಮೂರು ವರ್ಷ ಫೋನಿನ ಮುಂದೆ ಎಂದೂ ಅಳದವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಳು ಹತ್ತಿಕ್ಕಲು ಹೋಗಿ ಕೆಮ್ಮು ಬಂತು, ಕೆಮ್ಮಿ ಬಿಕ್ಕಳಿಕೆ ಹತ್ತಿತು. ಮುದುಕ ಗಾಬರಿಯಾಗಿ ಎದ್ದು ಒಳಗಿಂದ ತಂಬಿಗೆಯಲ್ಲಿ ನೀರು ತಂದ.

"ಸಾವಕಾಶ ಕುಡೀರಿ. ಕುಂದರ್ರಿ, ಎಲ್ಲೂ ಹೋಗೂದೇನಿಲ್ಲಲ್ಲ" ಎಂದ. ಅವಳು ಕುಡಿದು ಮುಗಿಸುವವರೆಗೂ ತಂಬಿಗೆಯ ಬುಡಕ್ಕೆ ಕೈ ಹಿಡಿದುಕೊಂಡೇ ನಿಂತಿದ್ದ. ಅಂದು ಸಂಜೆ ಹೊರಡುವಾಗ ಬೀದಿಯ ತಿರುವಿನವರೆಗೆ ಬಂದು ಹುಬ್ಬಳ್ಳಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿಕೊಟ್ಟ. ಮತ್ತೆ ಬಾ ಎನ್ನಲಿಲ್ಲ. ಬಸ್ಸು ಬರುವವರೆಗೂ ನಿಂತಿದ್ದ.

ಸೋಮವಾರ ಅವಳು ತನ್ವೀರನ ಕೋಣೆಗೆ ಹೋಗಿ ಕೂತಳು.

"ಸಹಿ ಮಾಡ್ತೀನಿ. ಎರಡು ಮಾತು ಅದಾವು. ಫೋನ್ ಎತ್ತಿದ ಕೂಡಲೇ ಅದು ತಾನು ಯಂತ್ರ ಅಂತ ಹೇಳಬೇಕು. ಮತ್ತ, ಮನುಷ್ಯರು ಬೇಕು ಅಂದವರಿಗೆ ಮನುಷ್ಯರು ಸಿಗಬೇಕು. ಅವರ ಮುಂದ ಹಳದಿ ದೀಪ ಇರಬಾರದು."

"ಯಂತ್ರ ಅಂತ ಮೊದಲ ಹೇಳಿದ್ರ ಜನ ಶಾಂತ ಆಗೂದು ತಡ ಆಗ್ತೈತ್ರಿ ಅಕ್ಕಾರ. ಪರೀಕ್ಷೆ ಮಾಡಿ ನೋಡೀವಿ. ಹನ್ನೆರಡು ಸೆಕೆಂಡು ಹೆಚ್ಚು."

"ಹನ್ನೆರಡು ಸೆಕೆಂಡು ತಡ ಆಗ್ಲಿ ಬಿಡ್ರಿ. ಆಮ್ಯಾಲ ಜೀವನಪೂರ್ತಿ ಮೋಸ ಹೋದಂಗ ಅನಸಬಾರದು."

ತನ್ವೀರ್ ಸಹಿಯ ಹಾಳೆಯ ಅಂಚಿನಲ್ಲಿ ಎರಡನ್ನೂ ಬರೆದುಕೊಂಡ. ಮೇಲಿನವರನ್ನು ಒಪ್ಪಿಸುವುದು ಸುಲಭವಲ್ಲ ಎಂದ. ಒಪ್ಪಿಸಲು ಮೂರು ವಾರ ಬೇಕಾಯಿತು. ಮನುಷ್ಯರಿಗೆಂದು ಆರು ಕುರ್ಚಿಗಳು ಮಂಜೂರಾದವು. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕೇ ತಾಸು, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಕೆಲಸ ಬಿಟ್ಟು ಹೋಗಿದ್ದವರಲ್ಲಿ ಇಬ್ಬರು ಮರಳಿ ಬಂದರು. ಹೆಡ್‌ಫೋನ್ ಮೇಜಿನ ಮೇಲಿಟ್ಟು ಹೋದಾಕೆ ಬರಲಿಲ್ಲ; ನೀಲಾಂಬಿಕಾ ಅವಳ ಮನೆಗೆ ಹೋಗಿ ಕೂತು ಬಂದಳು, ಕರೆಯಲಿಲ್ಲ.

ಗಾದಿ ಕಟ್ಟಿದ ಕೋಣೆಯಲ್ಲಿ ಅವಳು ಇನ್ನೊಂದೇ ವಾಕ್ಯ ಓದಬೇಕಿತ್ತು. ಯಂತ್ರವೇ ಕಟ್ಟಿಕೊಳ್ಳುತ್ತದೆ ಎಂದು ತನ್ವೀರ್ ಹೇಳಿದ. ಬೇಡ, ನಾನೇ ಹೇಳುತ್ತೇನೆ ಎಂದಳು. "ನಮಸ್ಕಾರ್ರಿ. ನಾನು ಮನುಷ್ಯಾಳಲ್ಲ, ಯಂತ್ರ." ಒಂಬತ್ತು ಸಾವಿರ ವಾಕ್ಯಗಳಲ್ಲಿ ಯಾವುದಕ್ಕೂ ತಡವರಿಸದವಳು ಇದಕ್ಕೆ ಏಳು ಸಲ ತಪ್ಪಿದಳು. ಎಂಟನೆಯ ಸಲಕ್ಕೆ ಸರಿಯಾಯಿತು. ಹೊರಗೆ ಬಂದಾಗ ತನ್ವೀರ್ ಚಹಾ ತರಿಸಿದ್ದ. ಕರೆ ಕೇಳುವುದನ್ನು ಅವನೂ ದಿನಕ್ಕೆ ಇಪ್ಪತ್ತಕ್ಕೆ ಇಳಿಸಿದ್ದ.

ಮಳೆಗಾಲದ ಮೊದಲ ವಾರ ಜ್ವರ ಗಡಿ ದಾಟಿ ಬಂತು, ಈ ಸಲ ಸಣ್ಣದಾಗಿ. ನೀಲಾಂಬಿಕಾ ಮನುಷ್ಯರ ಸಾಲಿನ ಎರಡನೆಯ ಕುರ್ಚಿಯಲ್ಲಿ ಕೂತಳು. ಮುಂಜಾನೆ ಹತ್ತರ ಸುಮಾರಿಗೆ ಮೊದಲ ಕರೆ ಈ ಕಡೆಗೆ ತಿರುಗಿತು. ಲಕ್ಷ್ಮೇಶ್ವರದ ಕಡೆಯ ಒಬ್ಬ ಹೆಣ್ಣುಮಗಳು. ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಹೇಳ್ರಿ, ಕೇಳಾಕತ್ತೀನಿ" ಎಂದಳು ನೀಲಾಂಬಿಕಾ.

"ಅಯ್ಯ, ಮತ್ತ ನೀನ ಬಂದೆಲ್ಲ. ಮನುಷ್ಯಾರನ್ನ ಕೊಡು ಅಂದ್ರ ಮತ್ತ ಅದ ಯಂತ್ರ."

"ಇಲ್ಲ ತಂಗಿ, ಯಂತ್ರ ಅಲ್ಲ. ನನ್ನ ಹೆಸರು ನೀಲಾಂಬಿಕಾ. ಹುಬ್ಬಳ್ಳ್ಯಾಗ ಇರ್ತೀನಿ. ನಿನ್ನ ಹೆಸರೇನವಾ?"

 ಆ ಹೆಣ್ಣುಮಗಳು ತನ್ನ ಹೆಸರು ಹೇಳಿದಳು.